ಸರ್ವಾನುಮತದ ಗಂಟೆ

ವಿಶ್ವವಿದ್ಯಾಲಯದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಂಟೆಯಪ್ಪ ಎಂದು. ಸಂಬಳ ಬರುತ್ತಿದ್ದದ್ದು ಅಟೆಂಡರ್ ಎಂಬ ಹೆಸರಿಗೆ, ಆದರೆ ಹಾಗಂತ ಕರೆದರೆ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಸಿಂಡಿಕೇಟ್ ಸಭೆಯಲ್ಲಿ ಹಿತ್ತಾಳೆ ಗಂಟೆ ಬಾರಿಸುವವನು ತಾನು, ತಾನು ಬಾರಿಸದಿದ್ದರೆ ಯಾವ ನಿರ್ಣಯವೂ ನಿರ್ಣಯವಲ್ಲ, ಕುಲಪತಿಗಳು ಬರುತ್ತಾರೆ ಹೋಗುತ್ತಾರೆ, ಗಂಟೆ ಮಾತ್ರ ತನ್ನ ಕೈಯಲ್ಲೇ ಇರುತ್ತದೆ ಎಂಬುದು ಅವನ ಜಂಬ. ಕ್ಯಾಂಟೀನಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನು ಬಾಯಿ ತೆರೆದರೆ ಸಾಕು, ಜನ ಟೀ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು.

ಆ ಗಂಟೆಗೂ ಒಂದು ಚರಿತ್ರೆ ಇತ್ತು ಅನ್ನಿ. ವಿಶ್ವವಿದ್ಯಾಲಯ ಹುಟ್ಟಿದ್ದು ಒಂದು ಹಳೇ ಗೋದಾಮಿನಲ್ಲಿ. ಹಗಲೆಲ್ಲ ದುಡಿಯುವವರಿಗೆ ಸಂಜೆ ಪಾಠ ಹೇಳೋಣ ಎಂದು ನಾಲ್ಕು ಜನ ಮೇಷ್ಟ್ರು ಸೇರಿ ಶುರು ಮಾಡಿದ್ದು. ಅವರ ಸಭೆಗಳಲ್ಲಿ ಗಂಟಲು ದೊಡ್ಡದಿದ್ದವರದ್ದೇ ದರ್ಬಾರು. ಅದಕ್ಕೇ ಮೊದಲ ಕುಲಪತಿ ಮೇಜಿನ ನಡುವೆ ಒಂದು ಗಂಟೆ ಇಟ್ಟರು. ಮಾತಾಡಬೇಕು ಅನ್ನಿಸಿದವರು ಅದನ್ನು ಬಾರಿಸುವುದು, ಆಮೇಲೆ ಉಳಿದವರು ತೆಪ್ಪಗೆ ಕೇಳುವುದು. ಮುಂದೆ ಕಲ್ಲಿನ ಕಟ್ಟಡ ಬಂತು, ಗಡಿಯಾರದ ಗೋಪುರ ಬಂತು, ಹಗಲಿನ ಕಾಲೇಜುಗಳು ಬಂದವು. ಗಂಟೆ ಜರುಗುತ್ತಾ ಜರುಗುತ್ತಾ ಕುಲಪತಿಯ ಮುಂದೆ ಹೋಯಿತು, ಅಲ್ಲಿಂದ ಅವರ ಬೆನ್ನ ಹಿಂದೆ ನಿಂತ ಅಟೆಂಡರನ ಕೈಗೆ. ಮಾತು ಶುರು ಮಾಡಲು ಇಟ್ಟದ್ದು ಮಾತು ಮುಗಿಸುವ ಗಂಟೆಯಾಯಿತು. ಅದು ಬಾರಿಸಿದ ಮೇಲೆ ಯಾರೂ ತುಟಿಪಿಟಕ್ ಅನ್ನುವಂತಿಲ್ಲ. ಇದಕ್ಕೆ ಪರಂಪರೆ ಅಂತ ಬೇರೆ ಹೆಸರು.

ಈ ಕಥೆಯ ಕಾಲದ ಕುಲಪತಿ ಬಾಯಿಬಿಟ್ಟು 'ಬಾರಿಸು' ಅಂದವರಲ್ಲ. ಚರ್ಚೆ ಸಾಕು ಅನ್ನಿಸಿದಾಗ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಅಲ್ಲಿ ಟಿಕ್ ಅಂದರೆ ಇಲ್ಲಿ ಟಣ್. ಅವರಿಬ್ಬರ ನಡುವೆ ಇದನ್ನು ಯಾರೂ ಕಲಿಸಿಕೊಟ್ಟಿರಲಿಲ್ಲ, ತಾನಾಗಿ ಕೂಡಿಬಂದಿತ್ತು.

ಗಂಟೆಯಪ್ಪನ ಮಗಳು ಅದೇ ವಿಶ್ವವಿದ್ಯಾಲಯದ ಸಂಜೆ ಕಾಲೇಜಿನಲ್ಲಿ ಓದಿ, ಅಲ್ಲೇ ಅತಿಥಿ ಉಪನ್ಯಾಸಕಿಯಾಗಿದ್ದಳು. ಬಸ್ ಡ್ರೈವರುಗಳು, ದರ್ಜಿಗಳು, ಆಸ್ಪತ್ರೆಯ ಆಯಾಗಳು ಅವಳ ವಿದ್ಯಾರ್ಥಿಗಳು. ವರ್ಷಗಟ್ಟಲೆ ಪಾಠ ಮಾಡಿದರೂ ಅತಿಥಿ ಮನೆಯವಳಾಗಿರಲಿಲ್ಲ. ಬೇರೆ ಕಡೆ ಅರ್ಜಿ ಹಾಕೋಣವೆಂದರೆ ವಯಸ್ಸು ಮೀರಿತ್ತು.

ಹೀಗಿರುವಾಗ ಕುಲಪತಿ ಯಾರೋ ತಜ್ಞರನ್ನು ಕರೆಸಿ ಹೊಸ ಧ್ಯೇಯವಾಕ್ಯ ಬರೆಸಿದರು. ಗೋಡೆಯ ಮೇಲಿದ್ದ 'ದುಡಿಯುವ ಕೈಗೂ ಪುಸ್ತಕ' ಇಳಿಯಿತು, 'ಜಾಗತಿಕ ಶ್ರೇಷ್ಠತೆಯತ್ತ' ಏರಿತು. ಜಾಗತಿಕ ಶ್ರೇಷ್ಠತೆಗೆ ಗ್ರೀಸು ಮೆತ್ತಿದ ಕೈಗಳು ಯಾಕೆ? ಸಂಜೆ ಕಾಲೇಜು ಮುಚ್ಚಿ, ಆ ಕಟ್ಟಡದಲ್ಲಿ ಗಣ್ಯರ ಅತಿಥಿಗೃಹ ಮಾಡುವ ವಿಷಯ ಸಭೆಯ ಮುಂದೆ ಬಂತು.

ಒಂದೇ ಒಂದು ದಾರಿ ಉಳಿದಿತ್ತು. ಒಬ್ಬ ಸದಸ್ಯರು ಆಕ್ಷೇಪ ಎತ್ತಿದರೂ ವಿಷಯ ಮುಂದಿನ ಸಭೆಗೆ ಹೋಗಬೇಕು. ಅಷ್ಟರಲ್ಲಿ ಈ ಕುಲಪತಿಯ ಅವಧಿ ಮುಗಿಯುತ್ತಿತ್ತು. ಸದಸ್ಯರಲ್ಲಿ ಹಿರಿಯರಾದ ಕೋಲಿನ ಮೇಡಂ ಹಿಂದೆ ಸಂಜೆ ಕಾಲೇಜಿನಲ್ಲೇ ಪಾಠ ಮಾಡಿದವರು. ಮಂಡಿ ಸವೆದು ಕೋಲು ಹಿಡಿದಿದ್ದರು. ಮಗಳು ಅವರ ಮನೆಗೆ ಹೋಗಿ ಗೋಗರೆದು ಬಂದಿದ್ದಳು. ಅವರೂ ಮಾತು ಕೊಟ್ಟಿದ್ದರು.

ಸಭೆಯ ದಿನ ಬೆಳಿಗ್ಗೆ ಅವನು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಮಗಳು ಎದುರು ಬಂದು ನಿಂತಳು.

"ಅಪ್ಪಾ, ಮೇಡಂಗೆ ಏಳೋಕೆ ಹೊತ್ತಾಗುತ್ತೆ. ಅವ್ರು ಎದ್ದು ನಿಂತು ಆಕ್ಷೇಪ ಅನ್ನೋ ತನಕ ಕೈ ತಡ್ಕೊ. ನಿನ್ನಿಂದ ನಾನು ಇನ್ನೇನೂ ಕೇಳಲ್ಲ."

"ಏ, ನಂಗೇ ಹೇಳ್ಕೊಡ್ತೀಯಾ? ನಾನು ನಿಲ್ಲೋ ಜಾಗದಿಂದ ಎಲ್ಲರ ಮುಖಾನೂ ಕಾಣುತ್ತೆ. ಯಾರು ತೂಕಡಿಸ್ತಾರೆ, ಯಾರು ಮೇಜಿನ ಕೆಳಗೆ ಚಪ್ಪಲಿ ಬಿಡ್ತಾರೆ, ಎಲ್ಲ ಗೊತ್ತು. ಗಂಟೆ ಇರೋದು ನನ್ನ ಕೈಲಿ ಕಣೇ!"

"ಗಂಟೆ ನಿಮ್ಮ ಕೈಲಿದೆ, ಸರಿ. ಕೈ ಯಾರ ಹತ್ರ ಇದೆ?" ಎಂದಳು ಒಳಗಿಂದ ಹೆಂಡತಿ. ಅವನು ಅದನ್ನು ಕಿವಿಗೆ ಹಾಕಿಕೊಳ್ಳದೆ ಹೊರಟ.

ಕುಲಸಚಿವರು ವಿಷಯವನ್ನು ಗಡಗಡ ಓದಿ ಮುಗಿಸಿದರು. ಮೇಡಂ ಒಂದು ಕೈ ಮೇಜಿನ ಮೇಲೂರಿ, ಇನ್ನೊಂದರಲ್ಲಿ ಕೋಲು ಊರಿ ಏಳತೊಡಗಿದರು. ಅರ್ಧ ಎದ್ದವರು ಗಂಟೆಯಪ್ಪನ ಕಡೆ ನೋಡಿ, ತಾಳು ಎಂಬಂತೆ ತಲೆಯಾಡಿಸಿದರು. ಅವನು ಕಣ್ಣಾರೆ ಕಂಡ. ಕುಲಪತಿಯೂ ಕಂಡರು. ಪೆನ್ನಿಗೆ ಮುಚ್ಚಳ ಹಾಕಿದರು.

ಗಂಟೆ ಬಾರಿಸಿತು.

"ನನ್ನ ಆಕ್ಷೇಪ ಇದೆ!" ಎಂದರು ಮೇಡಂ, ಇನ್ನೂ ಪೂರ್ತಿ ನೆಟ್ಟಗಾಗದೆ.

"ಗಂಟೆ ಆದ್ಮೇಲೆ ಹೇಳಿದ್ದು ನಡಾವಳಿಗೆ ಬರಲ್ಲ ಮೇಡಂ," ಎಂದರು ಕುಲಸಚಿವರು.

"ಕೂತ್ಕೊಳ್ಳಿ ಮೇಡಂ," ಕುಲಪತಿ ನಕ್ಕರು. "ಮಂಡಿಗೆ ಯಾಕೆ ಸುಮ್ನೆ ಕಷ್ಟ ಕೊಡ್ತೀರಿ?"

ಮೇಜಿನ ಸುತ್ತ ಎಲ್ಲರೂ ನಕ್ಕರು. ಏಳಲು ಪಟ್ಟಷ್ಟೇ ಕಷ್ಟ ಪಟ್ಟು ಮೇಡಂ ಕೂತರು. ನಡಾವಳಿಯಲ್ಲಿ ಸರ್ವಾನುಮತ ಎಂದು ಬರೆದಾಯಿತು. ಸಭೆ ಮುಗಿದ ಮೇಲೆ ಕುಲಪತಿ, "ಕೈ ಅಂದ್ರೆ ನಿನ್ ಕೈ ಕಣಯ್ಯ," ಎಂದು ಗಂಟೆಯಪ್ಪನ ಬೆನ್ನು ತಟ್ಟಿದರು. ಥೂ, ಹೇಳಲು ನಾಚಿಕೆಯಾಗುತ್ತದೆ. ಆ ಕ್ಷಣ ಅವನ ಬೆನ್ನು ಹಿಗ್ಗಿತು.

ಮನೆಗೆ ಬರುವಷ್ಟರಲ್ಲಿ ಮೇಡಂ ಫೋನು ಬಂದಾಗಿತ್ತು. ಮಗಳು ಅಳಲಿಲ್ಲ, ಕಿರುಚಲಿಲ್ಲ.

"ಮೇಡಂ ಏಳ್ತಾ ಇದ್ದದ್ದು ನಿನಗೆ ಕಾಣಿಸ್ಲಿಲ್ವಾ ಅಪ್ಪಾ?"

"ಇಲ್ಲ ಮಗಳೇ. ಅಡ್ಡ ಯಾರೋ ಕೂತಿದ್ರು."

"ನೀನು ನಿಲ್ಲೋ ಜಾಗದಿಂದ ಎಲ್ರೂ ಕಾಣ್ತಾರಲ್ಲ."

ಅವನು ಸಮವಸ್ತ್ರದ ಗುಂಡಿ ಬಿಚ್ಚುತ್ತಾ ನಿಂತ. ಹೆಂಡತಿ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋದಳು. ಅಂದಿನಿಂದ ಮಗಳು ಅವನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಆದರೂ ಒಂದು ಸಣ್ಣ ಕಂಡಿ ಉಳಿದಿತ್ತು. ಮುಂದಿನ ಸಭೆ ಹಿಂದಿನ ನಡಾವಳಿಗೆ ಒಪ್ಪಿಗೆ ಕೊಡುವ ತನಕ ಯಾವ ನಿರ್ಣಯವೂ ಗಟ್ಟಿಯಾಗುವುದಿಲ್ಲ. ಹೊಸ ಕುಲಪತಿ ಬಂದರು. ಮೇಡಂ ಅವಮಾನ ತಾಳದೆ ರಾಜೀನಾಮೆ ಕೊಟ್ಟಿದ್ದರು, ಅವರ ಕುರ್ಚಿಯಲ್ಲಿ ಒಬ್ಬ ಯುವ ಪ್ರಾಧ್ಯಾಪಕ ಕೂತಿದ್ದ. ಈ ಸಲ ಕೈ ಕತ್ತರಿಸಿದರೂ ಬಾರಿಸುವುದಿಲ್ಲವೆಂದು ಗಂಟೆಯಪ್ಪ ಶಪಥ ಮಾಡಿಕೊಂಡು ಬಂದಿದ್ದ.

ಹೊಸ ಕುಲಪತಿ ಪೆನ್ನಿನ ಮುಚ್ಚಳ ತೆಗೆದು ದೂರ ಇಟ್ಟರು. "ಸಂಜೆ ಕಾಲೇಜು ಮುಚ್ಚೋದು ಸಣ್ಣ ವಿಷಯ ಅಲ್ಲ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ? ಯೋಚನೆ ಮಾಡಿ, ಅವಸರ ಇಲ್ಲ."

ಕೋಣೆ ಸುಮ್ಮನಾಯಿತು. ಗಂಟೆಯಪ್ಪ ತನ್ನ ಸರ್ವೀಸಿನಲ್ಲೇ ಆ ಕೋಣೆಯಲ್ಲಿ ಅಷ್ಟು ಹೊತ್ತಿನ ಮೌನ ಕೇಳಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಕೆಲಸ ಮರೆತು ನಿಂತಿದ್ದಾನೆ ಮುದುಕ ಅಂದುಕೊಳ್ಳುತ್ತಿದ್ದಾರೆ ಅನ್ನಿಸಿ ಕಂಕುಳು ಬೆವೆತಿತು. ಯುವ ಪ್ರಾಧ್ಯಾಪಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡ.

ಟಣ್!

ಯುವಕ ಸುತ್ತಮುತ್ತ ನೋಡಿ, ಕನ್ನಡಕ ಮತ್ತೆ ಹಾಕಿಕೊಂಡ. ಕುಲಪತಿ ಹಿಂದೆ ತಿರುಗಿದರು. "ನಾನು ಹೇಳಿರ್ಲಿಲ್ಲವಲ್ಲಯ್ಯ?"

"ಅಭ್ಯಾಸ ಸಾರ್."

"ಅಲ್ಲ..." ಎಂದು ಅವರು ಕುಲಸಚಿವರ ಮುಖ ನೋಡಿದರು. ಗಂಟೆ ಆದ ಮೇಲೆ ಆಯಿತು ಎಂಬಂತೆ ಕುಲಸಚಿವರು ಕೈ ಮುಗಿದರು. "ಸರಿ ಬಿಡಿ. ಮುಂದಿನ ವಿಷಯ."

ಸಂಜೆ ಮಗಳು ಬಾಗಿಲಲ್ಲೇ ಕಾದಿದ್ದಳು. ಎಷ್ಟೋ ದಿನದ ಮೇಲೆ ತಾನಾಗಿ ಮಾತಾಡಿಸಿದಳು. "ಏನಾಯ್ತು ಅಪ್ಪಾ?"

"ಏನ್ಮಾಡ್ಲಿ ಮಗಳೇ, ಈ ಹೊಸಬನೂ ಅಂಥೋನೇ. ಬಂದು ಕೂತಿದ್ದೇ ಪೆನ್ನಿಗೆ ಮುಚ್ಚಳ ಹಾಕ್ಬಿಟ್ಟ."

ಈ ಸಲ ಮಗಳು ನಂಬಿದಳು. ಹೊಸ ಕುಲಪತಿಯ ವಂಶ ಹಾಳಾಗಲಿ ಎಂದು ಶಾಪ ಹಾಕುತ್ತಾ, ಅಪ್ಪನ ಪಕ್ಕದಲ್ಲಿ ಕೂತು, ಅವನ ಬಲಗೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.