ಸಣ್ಣಸ್ವಾಮಿಯ ಸ್ವಂತ ಕಾರು

ಆ ಕಾರಿನ ಮಾತು ಬಂದರೆ ನಿಂಗಮ್ಮನಿಗೆ ಮೊದಲು ನೆನಪಾಗುವುದು ಗಂಡ ಸಣ್ಣಸ್ವಾಮಿಯ ಬೈಗುಳ.

ಸಣ್ಣಸ್ವಾಮಿ ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ಜೀಪ್ ಡ್ರೈವರಾಗಿದ್ದ. ಸಾಹುಕಾರರ ಮಕ್ಕಳನ್ನು ಶಾಲೆಗೆ, ಕೂಲಿಯವರ ಲೈನ್ ಮನೆಗಳಲ್ಲಿ ಹೆರಿಗೆ ನೋವು ಬಂದ ಹೆಂಗಸರನ್ನು ಆಸ್ಪತ್ರೆಗೆ ಸಾಗಿಸುತ್ತಲೇ ಅವನ ತಲೆ ನರೆಯಿತು. ಕೆಲಸ ಬಿಟ್ಟು ಹಾರಂಗಿ ನಾಲೆಯ ಪಕ್ಕದ ತನ್ನೂರಿಗೆ ಬಂದ ಮೇಲೆ ಹಳೆಯ ಬಿಳಿ ಮಾರುತಿಯೊಂದನ್ನು ಕೊಂಡ. ಅವನ ಹೆಸರಿನಲ್ಲಿದ್ದ ಮೊದಲ ಗಾಡಿ ಅದು.

ಮನಸಾರೆ ಓಡಿಸಿದ್ದು ಒಂದೇ ಬೇಸಿಗೆ. ಮಳೆ ಹಿಡಿಯುವ ಹೊತ್ತಿಗೆ ಎದುರು ಬರುವ ಬಸ್ಸೇ ಅವನಿಗೆ ಕಾಣದಾಯಿತು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು ಮೈಸೂರಿನ ಡಾಕ್ಟರು. ಆಮೇಲೆ ಅವನು ದಿನಾ ಬೆಳಿಗ್ಗೆ ತಡವರಿಸಿಕೊಂಡು ಹೋಗಿ, ಕಾರು ಸ್ಟಾರ್ಟ್ ಮಾಡಿ, ಸುಮ್ಮನೆ ಕೂತು, ಆಫ್ ಮಾಡಿ ಬರುತ್ತಿದ್ದ. ನಿಂಗಮ್ಮನಿಗೆ ಅದನ್ನು ನೋಡಲಾಗಲಿಲ್ಲ.

“ನಾನೇ ಕಲೀತೀನಿ” ಎಂದಳು ಒಂದು ದಿನ.

“ಸೈಕಲ್ಲೇ ತುಳಿದೋಳಲ್ಲ, ಕಾರ್ ಓಡಿಸ್ತೀಯಾ?”

“ಮತ್ತೆ ಇದು ಇಲ್ಲೇ ತುಕ್ಕು ಹಿಡೀಲಾ? ನೀವು ಪಕ್ಕದಲ್ಲಿ ಕೂತ್ಕಳಿ ಸಾಕು.”

ಕುಶಾಲನಗರದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಳು. ಆದರೆ ನಿಜವಾಗಿ ಕಲಿಸಿದವನು ಸಣ್ಣಸ್ವಾಮಿಯೇ. “ಇಂಜಿನ್ ಒದ್ದಾಡ್ತೈತೆ, ಕೇಳುಸ್ತಿಲ್ವೇನೇ? ಗೇರ್ ಇಳ್ಸು!” ಎಂದು ರೇಗುತ್ತಿದ್ದ. ಸಂತೆಗೆ, ಮಗಳು ಹರ್ಷಿತಾಳ ಮನೆಗೆ, ಎಲ್ಲಿಗೆ ಹೋದರೂ ಅವನ ಪ್ರಶ್ನೆ ನಿಲ್ಲುತ್ತಿರಲಿಲ್ಲ: “ಈಗ ಏನ್ ಕಾಣ್ತದೆ?” ನಿಂಗಮ್ಮ ಹೇಳುತ್ತ ಹೋಗುತ್ತಿದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರು ಅಷ್ಟು ಮಾತಾಡಿದ್ದೇ ಇಲ್ಲ.

ಮಾರ್ಚಿನಲ್ಲಿ ಒಂದು ಹದವಾದ ಮಳೆ ಬಿದ್ದು ಹತ್ತು ದಿನವಾಗಿತ್ತು. “ಕಾಫಿ ಹೂ ಬಿಟ್ಟಿರ್ತದೆ. ಪಾಲಿಬೆಟ್ಟಕ್ಕೆ ಹೋಗ್ಬರಾನಾ?” ಎಂದ.

ಸಿದ್ದಾಪುರ ದಾಟುತ್ತಿದ್ದಂತೆ ಗಾಜು ಇಳಿಸಿದ. ಎರಡೂ ಕಡೆ ತೋಟ ಹೂವಿನಿಂದ ಬೆಳ್ಳಗಿತ್ತು, ಘಮ ಒಳಗೆ ನುಗ್ಗಿತು. “ಏನೂ ಹೇಳ್ಬೇಡ, ಇದು ನಂಗೇ ಗೊತ್ತಾಗ್ತದೆ” ಎಂದು ನಕ್ಕು ಸೀಟಿಗೆ ಒರಗಿದ.

ಮುಂದೆ ಒಂದು ಏರು ಬಂತು. ಕಾರು ಗುಯ್ಗುಟ್ಟಿತು. ನಿಂಗಮ್ಮ ಗೇರ್ ಇಳಿಸಲು ತಡಮಾಡಿದಳು. ಅವನು ಬೈಯಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡಳು. ಏರು ಮುಗಿದ ಮೇಲೆ ತಿರುಗಿ ನೋಡಿದರೆ ತಲೆ ಒಂದು ಕಡೆಗೆ ವಾಲಿತ್ತು.

ಆಸ್ಪತ್ರೆಯವರೆಗೆ ಹೇಗೆ ಓಡಿಸಿದಳೋ ಅವಳಿಗೇ ತಿಳಿಯದು. “ದಾರೀಲೇ ಹೋಗ್ಬಿಟ್ಟಿದ್ದಾರಮ್ಮ” ಎಂದರು ಡಾಕ್ಟರು.

ತಿಥಿಯೆಲ್ಲ ಮುಗಿದ ಮೇಲೆ ಕಾರನ್ನು ರಸ್ತೆಗಿಳಿಸಿದಳು. ನಾಲೆಯ ಸೇತುವೆಯವರೆಗೂ ಹೋಗಲಾಗಲಿಲ್ಲ. ಮನೆಗೆ ಹಿಂತಿರುಗಿ, “ಯಾರಿಗಾದ್ರೂ ಕೊಟ್ಬಿಡಪ್ಪ” ಎಂದು ಅಳಿಯ ನಂದೀಶನ ಕೈಗೆ ಕೀಲಿ ಕೊಟ್ಟಳು.

ಕುಟ್ಟದಿಂದ ಶಶಿಕುಮಾರ್ ಎಂಬ ಹುಡುಗ ಕೊಳ್ಳಲು ಬಂದ. ಎಲ್ಲ ನೋಡಿ, ಎಡಗಡೆ, ಸಣ್ಣಸ್ವಾಮಿ ಕೂರುತ್ತಿದ್ದ ಸೀಟನ್ನು ಹಿಂದಕ್ಕೆ ತಳ್ಳಲು ಬಗ್ಗಿದ.

“ಅದನ್ನ ಮುಟ್ಬೇಡಪ್ಪ” ಎಂದಳು ನಿಂಗಮ್ಮ ಥಟ್ಟನೆ.

ಅವನು ಗಾಬರಿಯಾದ. “ನಮ್ಮಮ್ಮಂಗೆ ಮಂಡಿ ನೋವು. ಕಾಲು ಚಾಚಕ್ಕೆ ಜಾಗ ಬೇಕಿತ್ತು, ಅದ್ಕೇ...”

ನಿಂಗಮ್ಮ ಅವನನ್ನು ಪಕ್ಕಕ್ಕೆ ಸರಿಯಹೇಳಿದಳು. ಆಮೇಲೆ ತಾನೇ ಬಗ್ಗಿ, ಬಿಗಿಯಾಗಿದ್ದ ಸೀಟನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿಕೊಟ್ಟಳು.

ಕಾರು ಹೋದ ಮೇಲೆ ಒಳಗೆ ಬಂದು ಚಾಪೆಯ ಮೇಲೆ ಮಲಗಿದಳು. ಆವತ್ತು ಒಲೆ ಹಚ್ಚಲಿಲ್ಲ.