ಸೋಮವಾರದ ಕೆಂದ
ಹರವೆಯ ಗುರುಮಲ್ಲಪ್ಪ ಚಾಮರಾಜನಗರದಲ್ಲಿ ಹೊಸದಾಗಿ ತೆರೆದ ಟ್ರಾಕ್ಟರ್ ಶಾಲೆಗೆ ಕಲಿಯಲು ಬಂದವನೇ, ಸತ್ತುಹೋದ ತನ್ನ ಎತ್ತು ಕೆಂದನ ಕೊರಳಗಂಟೆಯನ್ನು ಅಲ್ಲಿಯ ಕೆಂಪು ಟ್ರಾಕ್ಟರಿನ ಮೂತಿಗೆ ಕಟ್ಟಿಬಿಟ್ಟ. ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಬಳಿದು, ಮೈ ತಟ್ಟಿ, "ಏಳ್ಲಾ ಕೆಂದ, ಹೊತ್ತಾಯ್ತು" ಎಂದ ಮೇಲೆಯೇ ಹ್ಯಾಂಡಲ್ ತಿರುಗಿಸುವನು; ಉತ್ತು ಬಂದರೆ ಬಕೆಟ್ಟಿನಲ್ಲಿ ನೀರು ತಂದು ಮುಂದಿಡುವನು. ಸೋಮವಾರವಂತೂ ಮುಟ್ಟುತ್ತಲೇ ಇರಲಿಲ್ಲ. "ಬಸವಣ್ಣನ ವಾರ ಕಣಿ ಮೇಷ್ಟ್ರೇ, ಏರು ಕಟ್ಬಾರ್ದು" ಎನ್ನುವನು. ನಕ್ಕೂ ನಕ್ಕೂ ಸಾಕಾದ ಮೇಷ್ಟ್ರು ನೀಲಕಂಠಸ್ವಾಮಿ ಒಂದು ಸೋಮವಾರ ಮಧ್ಯಾಹ್ನ ತಾವೇ ಓಡಿಸಿ ತೋರಿಸಲೆಂದು ಷೆಡ್ಡಿನ ಬೀಗ ತೆಗೆದರು. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ. ಒಳಗೆ, ತಣ್ಣಗೆ ನಿಂತ ಟ್ರಾಕ್ಟರಿನ ಗಂಟೆ ಮೆಲುಕು ಹಾಕುವ ಎತ್ತಿನ ಕೊರಳಲ್ಲಿರುವಂತೆ ನಿಧಾನವಾಗಿ ಆಡುತ್ತಿತ್ತು. ಮೇಷ್ಟ್ರು ಒಂದು ಹೆಜ್ಜೆ ಒಳಗಿಟ್ಟರು. ಹೊಸಬರನ್ನು ಕಂಡ ಎತ್ತು ಮೆಲುಕು ನಿಲ್ಲಿಸುವಂತೆ ಗಂಟೆ ತಟ್ಟನೆ ನಿಂತಿತು.