ಸರಸತ್ತೆಯ ಜಡೆಗೆ ಮೆತ್ತಿದ ತುಪ್ಪ

ಇವತ್ತು ಮೊಮ್ಮಗಳ ತಲೆಗೆಂದು ದಾಸವಾಳದ ಸೊಪ್ಪು ಕಿವುಚುತ್ತಿದ್ದೆ. ಬೆರಳಿಗೆ ಲೋಳೆ ಅಂಟಿದ್ದೇ ತಡ, ಪುತ್ತೂರಿನ ನಮ್ಮ ಬಚ್ಚಲುಮನೆ ಕಣ್ಣೆದುರು ಬಂತು.

ಅಜ್ಜಿ ಇದೇ ಸೊಪ್ಪಿನ ಲೋಳೆ, ನಮ್ಮ ಕಡೆಯ ಗೊಂಪನ್ನು, ಅಪ್ಪನ ತಂಗಿ ಸರಸತ್ತೆಯ ತಲೆಗೆ ತಿಕ್ಕುತ್ತಿದ್ದರು. ಮದುವೆಗೆ ಬೆಳೆದ ಮಗಳಿಗೆ ಹಾಲು, ತುಪ್ಪ, ಎಳ್ಳುಂಡೆ. ಆಗಷ್ಟೇ ನನ್ನ ತಮ್ಮನನ್ನು ಹೆತ್ತಿದ್ದ ಅಮ್ಮನಿಗೆ ಎಲ್ಲರೂ ಉಂಡು ಉಳಿದ ಗಂಜಿ. ಅಮ್ಮನ ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಒಮ್ಮೆ ಬಾಯಿಬಿಟ್ಟು ತುಪ್ಪ ಕೇಳಿದಳು.

"ನಿನ್ನ ಕೂದಲು ನೋಡ್ಲಿಕ್ಕೆ ಇನ್ನು ಯಾರು ಬರ್ಲಿಕ್ಕುಂಟು ಮಾರಾಯ್ತಿ?" ಎಂದರು ಅಜ್ಜಿ.

ಸರಸತ್ತೆ ಮದುವೆಯಾಗಿ ಅರಂತೋಡಿಗೆ ಹೋದಳು. ಎರಡು ಹೆತ್ತು ತವರಿಗೆ ಬಂದ ದಿನ ಅಜ್ಜಿ ಗೊಂಪು ಹಿಡಿದು ಕಾದಿದ್ದರು. ಸರಸತ್ತೆಯ ತಲೆಯ ಮೇಲಿನ ಸೆರಗು ಸರಿಸಿದರೆ, ಕೂದಲು ಉದುರಿ ನೆತ್ತಿ ಕಾಣುತ್ತಿತ್ತು.

"ತುಪ್ಪ ಕೇಳ್ಲಿಕ್ಕೆ ಆಗ್ಲಿಲ್ವಾ ಮಗಳೇ?"

"ಕೇಳಿದೆ. ನೀನು ಅತ್ತಿಗೆಗೆ ಹೇಳಿದ್ದನ್ನೇ ನನ್ನ ಅತ್ತೆಯೂ ಹೇಳಿದ್ರು."

ಒಳಗೆ ಒಲೆಯ ಮುಂದಿದ್ದ ಅಮ್ಮ ಗಟ್ಟಿಯಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಗೊಂಪು ಬದಿಗಿಟ್ಟು, ಅನ್ನಕ್ಕೆ ತುಪ್ಪ ಹಾಕಿ ಮೊಮ್ಮಗಳನ್ನು ಊಟಕ್ಕೆ ಕರೆದೆ.